ಮೂರನೇ ಪುಟದ ಬೆನ್ನು

ಟಿಣ್.

ಸಾಲು ಮುಗಿಯುತ್ತ ಬಂತು, ಇನ್ನು ಏಳೇ ಏಳು ಅಕ್ಷರಕ್ಕೆ ಜಾಗ ಎಂದು ಯಂತ್ರ ಹೇಳುವ ಮಾತು ಅದು. ಪದ ಆ ಏಳರಲ್ಲಿ ಹಿಡಿಸಿದರೆ ಸರಿ, ಹಿಡಿಸದಿದ್ದರೆ ಅಲ್ಲೇ ಮುರಿದು ಕೆಳಗಿನ ಸಾಲಿಗೆ ಇಳಿಯಬೇಕು. ಮೂವತ್ತೊಂದು ವರ್ಷಗಳಿಂದ ಈ ತೀರ್ಮಾನವನ್ನು ಬೆರಳಚ್ಚಮ್ಮನ ಎಡಗೈ, ತಲೆಯನ್ನು ಕೇಳದೆ, ತಾನೇ ಮಾಡಿಕೊಂಡು ಬಂದಿತ್ತು. ಗಂಟೆ ಬಡಿದ ಕೂಡಲೇ ಕೈ ಹಿಡಿಕೆಗೆ ಹೋಗುತ್ತಿತ್ತು, ಉರುಳೆ ಕರ್ರೆಂದು ಸರಿಯುತ್ತಿತ್ತು, ಮುಂದಿನ ಸಾಲು ಶುರುವಾಗುತ್ತಿತ್ತು.

ಅವತ್ತು ಬೆಳಿಗ್ಗೆ ಗಂಟೆ ಬಡಿಯಿತು, ಕೈ ಮಾತ್ರ ಏಳಲಿಲ್ಲ. ಮೇಜಿನ ಮುಂದೆ ಶಿರಸ್ತೇದಾರ ಬಂದು ನಿಂತಿದ್ದ. ಕಂಕುಳಲ್ಲಿ ಎರಡು ಕಡತಗಳು. ಎರಡರ ದಾರವೂ ಬಿಚ್ಚಿತ್ತು.

“ಅಕ್ಕಾವ್ರೇ, ಒಂದು ಸಣ್ಣ ಕೆಲಸ,” ಎಂದ.

ಕೋರ್ಟಿನ ಗುಮಾಸ್ತರಿಗೆಲ್ಲ ಯಜಮಾನನಾದ ಶಿರಸ್ತೇದಾರ ಹೀಗೆ ಮೆತ್ತಗೆ ಮಾತಾಡಿದರೆ ಕೆಲಸ ಸಣ್ಣದಿರುವುದಿಲ್ಲ ಎಂಬುದು ಅಲ್ಲಿನ ಕುರ್ಚಿಗಳಿಗೂ ಗೊತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಅವನು ಮೀಸೆ ಚಿಗುರುವ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಕಡತಕ್ಕೆ ದಾರ ಪೋಣಿಸುವುದನ್ನು ಹೇಳಿಕೊಟ್ಟವಳು ಬೆರಳಚ್ಚಮ್ಮನೇ. ಬಿಚ್ಚಿದ ದಾರ ಕಂಡರೆ ಅವಳಿಗೆ ಈಗಲೂ ಸಿಟ್ಟು ಬರುತ್ತಿತ್ತು.

ತಂದೆ ತಾಯಿ ಇಟ್ಟ ಹೆಸರು ಅವಳಿಗೆ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ವಕೀಲರಿಗೆ, ಪೊಲೀಸರಿಗೆ, ಬಾಗಿಲಲ್ಲಿ ನಿಂತು ಹೆಸರು ಕೂಗುವ ದಫೇದಾರನಿಗೆ, ಕೊನೆಗೆ ಎದುರು ರಸ್ತೆಯ ಚಹಾದಂಗಡಿಯವನಿಗೂ ಅವಳು ಬೆರಳಚ್ಚಮ್ಮ. ಹದಿನಾರನೇ ವಯಸ್ಸಿನಲ್ಲಿ ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ ಟೈಪಿಂಗ್ ಶಾಲೆಗೆ ಸೇರಿದ್ದಳು. ಅಲ್ಲಿನ ಮಾಸ್ತರು ಕೀಲಿಗಳ ಮೇಲೆ ಬಟ್ಟೆ ಹೊದಿಸಿ, ಕೈಗಳನ್ನು ಅದರೊಳಗೆ ತೂರಿಸಿ ಹೊಡೆಸುತ್ತಿದ್ದರು. “ಕಿವಿಗೆ ಬಿದ್ದದ್ದು ಬೆರಳಿಗೆ ಇಳೀಬೇಕು. ನಡುವೆ ತಲೆ ಬರಕೂಡದು. ತಲೆ ಬಂತೋ, ತಪ್ಪು ಬಂತು,” ಎನ್ನುತ್ತಿದ್ದರು. ಕೆಳಗೆ ಸೈಕಲ್ಲಿನ ಗಂಟೆ, ಮೇಲೆ ಯಂತ್ರದ ಗಂಟೆ. ಆರು ತಿಂಗಳಲ್ಲಿ ಅವಳು ಕಣ್ಣು ಮುಚ್ಚಿಕೊಂಡು ಹೊಡೆಯುವುದನ್ನು ಕಲಿತಳು. ತಲೆಯನ್ನು ಹೊರಗಿಟ್ಟು ಕೂರುವುದನ್ನು ಕಲಿಯಲು ಮಾತ್ರ ಕೋರ್ಟಿಗೇ ಬರಬೇಕಾಯಿತು.

ಯಾಕೆಂದರೆ ಅಲ್ಲಿ ಕಿವಿಗೆ ಬೀಳುತ್ತಿದ್ದದ್ದು ಅಂಥದ್ದು. ಮಗಳನ್ನು ಕಳೆದುಕೊಂಡ ತಾಯಿ, ತಮ್ಮನನ್ನು ಇರಿದ ಅಣ್ಣ, ನೋಡಿದ್ದೇನೆ ಎನ್ನುವವರು, ನೋಡೇ ಇಲ್ಲ ಎನ್ನುವವರು. ಬೆರಳಚ್ಚಮ್ಮ ಎಲ್ಲರ ಮಾತನ್ನೂ ಒಂದೇ ಅಂತರ ಬಿಟ್ಟು, ಒಂದೇ ಅಂಚು ಬಿಟ್ಟು ಹೊಡೆಯುತ್ತಿದ್ದಳು. ಸಾಕ್ಷಿ ಅತ್ತರೆ ನ್ಯಾಯಾಧೀಶರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆಗ ಯಂತ್ರವೂ ಸುಮ್ಮನೆ. ಅಳು ನಿಂತರೆ ಮತ್ತೆ ಟಕಟಕ. ಅಳುವಿಗೆ ಕೀಲಿ ಇರಲಿಲ್ಲ.

ಅವಳ ಗಂಡ ಬಸ್ ನಿಲ್ದಾಣದ ಎದುರಿನ ಗೂಡಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. “ನಮ್ಮನೇಲಿ ಟಿಕ್‌ಟಿಕ್ ನಂದು, ಟಕ್‌ಟಕ್ ಇವಳದು. ಮಾತಾಡೋಕೆ ಜಾಗ ಎಲ್ಲಿದೆ ಹೇಳಿ?” ಎಂದು ನೆಂಟರೆದುರು ತಮಾಷೆ ಮಾಡುತ್ತಿದ್ದ. ಮಕ್ಕಳಿರಲಿಲ್ಲ. ಆ ದುಃಖವನ್ನು ಇಬ್ಬರೂ ಬೇರೆಬೇರೆಯಾಗಿ ಮುಗಿಸಿಕೊಂಡು, ಒಂದು ವಯಸ್ಸಾದ ಮೇಲೆ ಒಟ್ಟಿಗೆ ನಗಲು ಶುರುಮಾಡಿದ್ದರು.

ಎರಡು ವರ್ಷದ ಹಿಂದೆ ಕೋರ್ಟಿಗೆ ಕಂಪ್ಯೂಟರು ಬಂದವು. ಅವಳ ಯಂತ್ರ ಲಕೋಟೆಗಳ ಮೇಲೆ ವಿಳಾಸ ಹೊಡೆಯುವ ಕೆಲಸಕ್ಕೆ ಇಳಿಯಿತು. ಅದರ ‘ಳ’ ಅಕ್ಷರದ ಬಾಲ ಎಂದೋ ಮುರಿದಿತ್ತು. ಹಳೇ ನಾಯಿಯನ್ನು ಅಂಗಳದಲ್ಲಿ ಇರಗೊಡುವ ಹಾಗೆ ಅದನ್ನು ಅವಳ ಮೇಜಿನ ಮೇಲೆ ಬಿಟ್ಟಿದ್ದರು. ಅವಳ ನಿವೃತ್ತಿಗೂ ಇನ್ನು ಮೂರೇ ತಿಂಗಳು.

ಈಗ ಶಿರಸ್ತೇದಾರ ಕಡತಗಳನ್ನು ಆ ಯಂತ್ರದ ಪಕ್ಕದಲ್ಲಿಟ್ಟು, ಎರಡನೆಯದರಿಂದ ಎರಡು ಹಾಳೆ ಹೊರಗೆಳೆದ.

“ಮಾಸಿಹೋಗಿವೆ ನೋಡಿ, ಓದೋಕೇ ಆಗ್ತಿಲ್ಲ. ಸ್ವಚ್ಛವಾಗಿ ಮತ್ತೆ ಹೊಡೆದುಕೊಡಿ. ಕಂಪ್ಯೂಟರಿನಲ್ಲಿ ಬೇಡ. ನಿಮ್ಮ ಈ ಯಂತ್ರದಲ್ಲೇ ಆಗಬೇಕು.”

ಬೆರಳಚ್ಚಮ್ಮ ಹಾಳೆಗಳನ್ನು ನೋಡಿದಳು. ತಿಳಿನೀಲಿ ಅಕ್ಷರ. ಕಾರ್ಬನ್ ಪ್ರತಿ. ಮೇಲ್ಗಡೆ ಕೇಸಿನ ನಂಬರು ಮಾತ್ರ ರಿಬ್ಬನ್ನಿನ ಕಪ್ಪಿನಲ್ಲಿ. ಯಾವ ಕೇಸು ಎಂದು ಅವಳು ಕೇಳಬೇಕಾಗಿರಲಿಲ್ಲ.

ಪೇಟೆಯ ಹೊರಗೆ ಲಾರಿ ತೂಗುವ ಅಂಗಳವೊಂದಿತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಲ್ಲಿ ಲಾರಿ ಡ್ರೈವರುಗಳಿಗೂ ಮೂಟೆ ಹೊರುವ ಹಮಾಲಿಗಳಿಗೂ ಹತ್ತಿಕೊಂಡಿತು. ಯಾರ ಸರದಿ ಮೊದಲು ಎಂಬುದು ಜಗಳದ ಬೇರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಮೂವರು ಹಮಾಲಿಗಳ ಕೈಕಾಲು ಮುರಿದಿತ್ತು, ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ ಕುತ್ತಿಗೆಗೆ ತಗುಲಿ ಒಬ್ಬ ಡ್ರೈವರು ಸತ್ತಿದ್ದ. ಜಗಳ ಒಂದೇ, ಕೇಸು ಎರಡಾದವು. ಹಮಾಲಿಗಳನ್ನು ಬಡಿದರೆಂದು ನಾಲ್ವರು ಡ್ರೈವರುಗಳ ಮೇಲೆ ಒಂದು. ಡ್ರೈವರನ್ನು ಕೊಂದನೆಂದು ಒಬ್ಬ ಹಮಾಲಿಯ ಮೇಲೆ ಇನ್ನೊಂದು. ಎರಡನ್ನೂ ಒಬ್ಬರೇ ನ್ಯಾಯಾಧೀಶರು ಕೇಳಿದರು. ಎರಡಕ್ಕೂ ಮುಖ್ಯ ಸಾಕ್ಷಿ ಒಬ್ಬನೇ, ಅಂಗಳದಲ್ಲಿ ತೂಕದ ಚೀಟಿ ಬರೆಯುವ ಗುಮಾಸ್ತ.

ಅವನು ಸಾಕ್ಷಿ ಹೇಳಿದ ದಿನ ಜೈಲಿನ ವ್ಯಾನು ದಾರಿಯಲ್ಲಿ ಕೆಟ್ಟು ನಿಂತು, ಹಮಾಲಿಯನ್ನು ತರಲಾಗಲಿಲ್ಲ. ಹಮಾಲಿಯ ವಕೀಲರು ಜ್ವರವೆಂದು ಹೇಳಿಕಳಿಸಿದ್ದರು. ಡ್ರೈವರುಗಳು ಮಾತ್ರ ತಮ್ಮ ವಕೀಲರ ಜೊತೆ ಹಾಜರಿದ್ದರು. ನ್ಯಾಯಾಧೀಶರು ಸಾಕ್ಷಿಯ ಕಡೆ ನೋಡಿ, “ಪಾಪ, ಇವರನ್ನು ಎರಡೆರಡು ಸಲ ಯಾಕೆ ಅಲೆಸೋದು? ಹೇಳೋದು ಅದನ್ನೇ ತಾನೆ. ಕಾರ್ಬನ್ ಹಾಕಿಬಿಡಿ, ಎರಡು ಕಡತಕ್ಕೂ ಆಗುತ್ತೆ,” ಎಂದರು. ದಯೆಯಿಂದಲೇ ಹೇಳಿದ್ದರು. ಬೆರಳಚ್ಚಮ್ಮನ ಕೈ, ತಲೆಯನ್ನು ಕೇಳದೆ, ಕಾರ್ಬನ್ ಹಾಕಿತು.

“ನಾನು ಚೀಟಿ ಬರೀತಾ ಇದ್ದೆ,” ಎಂದ ಸಾಕ್ಷಿ. “ಕೂಗು ಕೇಳಿ ತಲೆ ಎತ್ತಿದೆ. ಡ್ರೈವರು ಬಿದ್ದಿದ್ದ. ಹಮಾಲಿ ಪಕ್ಕದಲ್ಲಿ ನಿಂತಿದ್ದ.”

ಟಿಣ್ ಎಂದಿತು ಯಂತ್ರ. ಎರಡನೇ ಪುಟ ಮುಗಿದಿತ್ತು. ಬೆರಳಚ್ಚಮ್ಮ ಮುಂದಿನ ಪ್ರಶ್ನೆಗೆ ಕಾದಳು. ತಲೆ ಎತ್ತಿದಾಗ ಕೊಕ್ಕೆ ಯಾರ ಕೈಯಲ್ಲಿತ್ತು? ಯಾರಾದರೂ ಕೇಳಿಯೇ ಕೇಳುತ್ತಾರೆ ಎಂದುಕೊಂಡಳು. ಸರ್ಕಾರಿ ವಕೀಲರು ಕೇಳಲಿಲ್ಲ. ಡ್ರೈವರುಗಳ ವಕೀಲರಿಗೆ ಕೇಳುವ ಗರಜಿರಲಿಲ್ಲ. ಕೇಳಬೇಕಾದವನು ಕೂರುವ ಜಾಗ, ಗೋಡೆಯ ಪಕ್ಕದ ಬೆಂಚು, ಖಾಲಿ ಇತ್ತು. ಆ ಬೆಂಚನ್ನು ನೋಡುತ್ತಲೇ ಅವಳು ಮೂರನೇ ಪುಟಕ್ಕೆ ಹಾಳೆ ಏರಿಸಿದಳು. ನೋಡುತ್ತಲೇ ಕಾರ್ಬನ್ನನ್ನು ಮಗುಚಿ ಇಟ್ಟಳು.

ಕಾರ್ಬನ್ನಿನ ಮಸಿಯ ಮುಖ ಕೆಳಗಿರಬೇಕು. ಮೇಲಾದರೆ ಅಕ್ಷರಗಳು ಕೆಳಗಿನ ಹಾಳೆಗೆ ಇಳಿಯುವುದಿಲ್ಲ. ಮೇಲಿನ ಹಾಳೆಯ ಬೆನ್ನಿಗೇ ಕನ್ನಡಿಯೊಳಗಿನ ಬರಹದಂತೆ ತಿರುಗುಮುರುಗಾಗಿ ಅಂಟಿಕೊಳ್ಳುತ್ತವೆ. ಹೊಸದಾಗಿ ಸೇರಿದವರು ಮಾಡುವ ತಪ್ಪು ಅದು. ಸಂಜೆ ಸಹಿಗೆ ಒಯ್ಯುವ ಮೊದಲು ನೋಡಿದರೆ ಎರಡನೇ ಕಡತದ ಮೂರನೇ ಪುಟ ಬಿಳಿ ಬಿಳಿ. ಅದೊಂದನ್ನು ಮೊದಲನೆಯದು ನೋಡಿಕೊಂಡು ಬೇರೆಯಾಗಿ ಹೊಡೆದಳು. ನಾಲ್ಕನೇ ಪುಟವನ್ನೂ ಬೇರೆಯಾಗಿಯೇ ಹೊಡೆಯಬೇಕಾಯಿತು. ಮೊದಲ ಕಡತದಲ್ಲಿ ಅಲ್ಲಿ ಡ್ರೈವರುಗಳ ವಕೀಲರು ಸಾಕ್ಷಿಗೆ ಹಾಕಿದ ಪಾಟೀಸವಾಲು ಒಂದೂವರೆ ಪುಟ ಇತ್ತು. ಎರಡನೆಯದರಲ್ಲಿ ಅವಳು ಹೊಡೆದದ್ದು ಎರಡೇ ಪದ. ‘ಪಾಟೀಸವಾಲು: ಇಲ್ಲ.’ ಅದರ ಕೆಳಗೆ ಸಾಕ್ಷಿ ಸಹಿ ಹಾಕಿದ, ನ್ಯಾಯಾಧೀಶರೂ ಹಾಕಿದರು. ಕೊನೆಯ ಪುಟಕ್ಕೆ ಮಾತ್ರ ಸಹಿ ಹಾಕುವುದು ಆ ಕೋರ್ಟಿನ ರೂಢಿ.

ಆ ನಾಲ್ಕು ಪುಟದ ಬಲದ ಮೇಲೆ ಹಮಾಲಿಗೆ ಹತ್ತು ವರ್ಷ ಶಿಕ್ಷೆಯಾಯಿತು.

“ಮೇಲಿನ ಕೋರ್ಟಿಂದ ಕಾಗದ ಬಂದಿದೆ,” ಶಿರಸ್ತೇದಾರ ಈಗ ದನಿ ತಗ್ಗಿಸಿದ. “ಅವನ ಮೇಲ್ಮನವಿ ನಡೀತಿದೆಯಲ್ಲ. ಈ ಸಾಕ್ಷಿಯ ಹೇಳಿಕೆಯನ್ನ ಅವನ ಕೇಸಲ್ಲಿ ಬೇರೆಯಾಗಿ ಬರಕೊಂಡಿದ್ದೀರೋ, ಇಲ್ಲಾ ಆ ಕೇಸಿಂದ ನಕಲು ತಂದು ಹಾಕಿದ್ದೀರೋ ಅಂತ ಕೇಳಿದಾರೆ. ಎರಡೂ ಅಸಲು ಕಡತ ಕಳಿಸಬೇಕು, ಜೊತೆಗೆ ವರದಿ. ಬೇರೆಯಾಗೇ ಬರಕೊಂಡಿದ್ದು ಅಂತ ನಾನು ವರದಿ ಬರೀತೀನಿ. ನೋಡಿ, ಮೂರು ನಾಲ್ಕು ಪುಟ ಕಪ್ಪಕ್ಷರದಲ್ಲೇ ಇವೆ, ಅಸಲು ಇದ್ದ ಹಾಗೆ. ಈ ಎರಡು ಹಾಳೆ ಅವಕ್ಕೆ ಹೊಂದಿಬಿಟ್ರೆ ಮುಗೀತು. ಹತ್ತು ನಿಮಿಷ ಅಕ್ಕಾವ್ರೇ.”

ಬೆರಳಚ್ಚಮ್ಮ ಕಪ್ಪಕ್ಷರದ ಆ ಮೂರನೇ ಪುಟವನ್ನು ನೋಡಿದಳು. ಅಂದು ತಾನು ಕೈತಪ್ಪಿ ಮಾಡಿದ್ದು, ಆ ತಪ್ಪನ್ನು ಮುಚ್ಚಲು ಹೊಡೆದ ಆ ಒಂದು ಪುಟ, ಈಗ ಇವನ ಕೈಯಲ್ಲಿ ಊರುಗೋಲಾಗಿತ್ತು.

“ಮಾಸಿದ್ರೆ ಮಾಸಿದ ಹಾಗೇ ಕಳಿಸಿ,” ಎಂದಳು.

“ಹಾಗಂದ್ರೆ ಹೇಗೆ? ಅವತ್ತಿನ ಜಡ್ಜು ಈಗ ಎಲ್ಲಿದಾರೆ ಗೊತ್ತಲ್ಲ? ಎಷ್ಟು ಮೇಲಿದಾರೆ ಗೊತ್ತಲ್ಲ?”

“ಗೊತ್ತು. ಇನ್ನೂ ಮೇಲೆ ಹೋಗಲಿ. ಒಳ್ಳೆಯವರು.”

“ಮತ್ತೆ?”

“ಒಳ್ಳೆಯವರು ಅಂದೆ. ಕಾರ್ಬನ್ ಹಾಕಿಸಿಲ್ಲ ಅಂತ ಅನ್ನಲಿಲ್ಲ.”

ಶಿರಸ್ತೇದಾರ ನಕ್ಕ. “ಕಾರ್ಬನ್ ಹಾಕಿದ ಕೈ ಯಾರದು ಅಕ್ಕಾವ್ರೇ? ಕೆದಕಿದ್ರೆ ಮೊದಲು ನಿಮ್ಮ ಮೇಲೇ ಬೀಳುತ್ತೆ. ಮೂರು ತಿಂಗಳಿದೆ. ಹಾರ ಹಾಕಿಸ್ಕೊಂಡು ಹೋಗಿ ಅಂತ ನಾನು, ನೋಟೀಸು ಹಿಡ್ಕೊಂಡು ಹೋಗ್ತೀನಿ ಅಂತ ನೀವು. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ.”

“ಕೋಣ ಯಾರು ಅಂತ ಆಮೇಲೆ ನೋಡೋಣ,” ಎಂದು ಬೆರಳಚ್ಚಮ್ಮ ಮೊದಲನೇ ಕಡತವನ್ನು ಎಳೆದುಕೊಂಡಳು. ಮೂರನೇ ಪುಟ ತೆಗೆದು ಬೋರಲು ಹಾಕಿದಳು. ಬೆನ್ನ ತುಂಬ ನೀಲಿ ಗೀಚು. “ಇದೇನು ಹೇಳಿ.”

“ಅದಾ? ಏನೋ ಕಲೆ. ಮಸಿ ತಗುಲಿರಬೇಕು.”

ಅವಳು ಕೈಚೀಲದಿಂದ ಮುಖ ನೋಡಿಕೊಳ್ಳುವ ಪುಟ್ಟ ಕನ್ನಡಿ ತೆಗೆದು ಹಾಳೆಯ ಅಂಚಿಗೆ ನಿಲ್ಲಿಸಿದಳು. ಗೀಚು ಕನ್ನಡಿಯೊಳಗೆ ಹೊಕ್ಕು ಅಕ್ಷರವಾಯಿತು. ಮೂರನೇ ಪುಟದ ಒಂದೊಂದು ಸಾಲೂ, ಬಾಲ ಮುರಿದ ‘ಳ’ದ ಸಮೇತ, ಮಸಕಾಗಿ ಎದ್ದು ಬಂತು.

“ಓದಿ. ಕನ್ನಡಕ ಬೇಕಾ?”

ಶಿರಸ್ತೇದಾರ ಓದಲಿಲ್ಲ. ಅವನ ಮುಖದಲ್ಲಿ ನಗು ಇನ್ನೂ ಇತ್ತು. ಮನೆಯವರು ಊರಿಗೆ ಹೋದ ಮೇಲೂ ಉರಿಯುವ ಪಡಸಾಲೆಯ ದೀಪದ ಹಾಗೆ, ಇತ್ತು ಅಷ್ಟೆ. “ಈ ಹಾಳೆಯನ್ನೂ ಹೊಸದಾಗಿ...” ಎಂದು ಶುರುಮಾಡಿ ನಿಲ್ಲಿಸಿದ.

“ಹೇಳಿ, ನಿಲ್ಲಿಸಿದ್ದೇಕೆ? ಈ ಹಾಳೆ, ಆಮೇಲೆ ಇನ್ನೊಂದು, ಆಮೇಲೆ ಇಡೀ ಕಡತ. ದಾರ ಬಿಚ್ಚೋದು ಸುಲಭ. ಅದನ್ನ ನಿಮಗೆ ನಾನು ಕಲಿಸಿರಲಿಲ್ಲ.”

“ನಾಳೆ ಸಂಜೆವರೆಗೆ ಯೋಚನೆ ಮಾಡಿ,” ಎಂದು ಅವನು ಕಡತಗಳನ್ನು ಎತ್ತಿಕೊಂಡ. ಎರಡು ಮಾಸಿದ ಹಾಳೆಗಳನ್ನು ಮಾತ್ರ ಬೇಕೆಂದೇ ಮೇಜಿನ ಮೇಲೆ ಬಿಟ್ಟುಹೋದ.

ಯೋಚಿಸಲು ಇದ್ದದ್ದೇನು? ಇತ್ತು. ಬೆರಳಚ್ಚಮ್ಮ ಕಲ್ಲಲ್ಲ. ನಿವೃತ್ತಿಯ ದಿನಕ್ಕೆಂದು ಗಂಡ ತನ್ನಂಗಡಿಯ ಅತಿ ಹಳೆಯ ಕೈಗಡಿಯಾರವನ್ನು ಹೊಳಪಿಸಿ ಇಟ್ಟಿದ್ದು ಅವಳಿಗೆ ಗೊತ್ತಿತ್ತು. ಎಲ್ಲರೆದುರು ಕಟ್ಟುತ್ತೇನೆಂದು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಇನ್ನೊಬ್ಬಳೂ ನೆನಪಾದಳು. ಪ್ರತಿ ತಿಂಗಳ ಮೊದಲ ಸೋಮವಾರ ನಕಲು ವಿಭಾಗದ ಕಿಟಕಿಗೆ ಬಂದು ನಿಲ್ಲುತ್ತಿದ್ದ ಹಮಾಲಿಯ ಅಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವವಳು. ಕೈಗಳು ಸೋಪಿನ ನೀರಿಗೆ ಬೆಂದು ಬಿಳಚಿಕೊಂಡಿದ್ದವು. ಹೋದ ತಿಂಗಳು ಅವಳ ಜೊತೆ ಹೊಸ ವಕೀಲರೊಬ್ಬರು ಬಂದಿದ್ದರು. ಕುಳ್ಳಗಿದ್ದರು, ಕೋಟು ಮಂಡಿ ಮುಟ್ಟುತ್ತಿತ್ತು.

“ಮತ್ತೆ ವಿಚಾರಣೆ ಮಾಡಿ ಅಂದ್ರೆ ಮಾಡ್ತಾರೇನಣ್ಣಾ?” ಎಂದು ಅವಳು ಕೇಳಿದ್ದು ಬೆರಳಚ್ಚಮ್ಮನ ಮೇಜಿಗೆ ಕೇಳಿಸಿತ್ತು.

“ಸುಮ್ಮಸುಮ್ಮನೆ ಮಾಡಲ್ಲಮ್ಮ. ಸೋತವರಿಗೆ ಇನ್ನೊಂದಾಟ ಅಂತ ಕೊಡೋದಲ್ಲ ಅದು. ಸರ್ಕಾರಿ ವಕೀಲರು ಬಿಟ್ಟ ತೂತು ಮುಚ್ಚಿಕೊಳ್ಳೋಕೂ ಕೊಡಲ್ಲ. ವಿಚಾರಣೆ ಅನ್ನೋ ಹೆಸರಲ್ಲಿ ನಡೆದದ್ದು ವಿಚಾರಣೆಯೇ ಅಲ್ಲ, ಅದರಿಂದ ಅನ್ಯಾಯ ಆಗಿದೆ ಅಂತ ತೋರಿಸಬೇಕು. ಆಗ ಮಾತ್ರ.”

“ಎರಡು ಕೇಸೂ ಸೇರಿಸಿ ಒಂದೇ ಮಾಡಬಹುದಿತ್ತಲ್ಲ? ಜಗಳ ಒಂದೇ ತಾನೆ?”

“ಒಟ್ಟಿಗೆ ಕೂಡಿ ತಪ್ಪು ಮಾಡಿದವರನ್ನ ಒಟ್ಟಿಗೆ ವಿಚಾರಿಸಬಹುದು. ನಿನ್ನ ತಮ್ಮನೂ ಡ್ರೈವರುಗಳೂ ಎದುರುಬದುರು ನಿಂತವರು. ಅವರನ್ನ ಒಂದೇ ಕೇಸಲ್ಲಿ ಕಟ್ಟಿಹಾಕೋಕಾಗಲ್ಲ. ಒಲೆ ಒಂದೇ ಇರಬೇಕು, ಪಾತ್ರೆ ಎರಡು. ಒಬ್ಬರೇ ಜಡ್ಜು ಒಂದಾದ ಮೇಲೊಂದು ಕೇಳಬೇಕು. ಆದ್ರೆ ಈ ಪಾತ್ರೆಯ ಸೌಟು ಆ ಪಾತ್ರೆಗೆ ಹಾಕಬಾರದು. ಹಾಕಿದಾರೆ ಅಂತ ನಂಗೆ ಅನುಮಾನ. ನಾನು ನೋಡಿರೋದು ಹೊಸದಾಗಿ ಟೈಪು ಮಾಡಿದ ನಕಲು. ಅದರಲ್ಲಿ ಏನು ಗೊತ್ತಾಗುತ್ತೆ? ಎರಡರಲ್ಲೂ ಮಾತು ಒಂದೇ ಇದೆ ಅನ್ನೋದು ಬಿಟ್ಟರೆ.”

“ಅವನೇ ಹೊಡೆದಿದ್ರೆ ಅನುಭವಿಸ್ಲಿ ಅಣ್ಣಾ,” ಎಂದಿದ್ದಳು ಅಕ್ಕ. “ಉಪ್ಪು ತಿಂದವನು ನೀರು ಕುಡೀಲಿ. ತಿಂದಿದಾನಾ ಅಂತ ಒಂದು ಸಲ ಅವನ ಎದುರಿಗೆ ಕೇಳ್ಬೇಕಲ್ವಾ?”

ಆ ಮಾತು ಒಂದು ತಿಂಗಳಿಂದ ಬೆರಳಚ್ಚಮ್ಮನ ಕಿವಿಯಲ್ಲಿತ್ತು. ಬೆರಳಿಗೆ ಇಳಿದಿರಲಿಲ್ಲ.

ಸಂಜೆ ಅವಳು ನೇರ ಗಂಡನ ಅಂಗಡಿಗೆ ಹೋದಳು. ಅವನು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾವುದೋ ಗಡಿಯಾರದ ಹೊಟ್ಟೆ ಬಗೆಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಮುಗಿಯುವವರೆಗೆ ಅವನು ತಲೆ ಎತ್ತಲಿಲ್ಲ.

“ರೀ, ಕೇಳಿಸ್ತಾ?”

“ಕೇಳಿಸ್ತು. ಅವನು ಹೊಡೆದಿದಾನಾ?”

“ಗೊತ್ತಿಲ್ಲ. ಹೊಡೆದಿರಲೂಬಹುದು.”

“ಹೊಡೆದೇ ಇದ್ದಾನೆ ಅಂತ ಆದ್ರೆ?”

“ಆಗ್ಲಿ. ಕೇಳಿ ಆಗ್ಲಿ. ಕೇಳದೇನೇ ‘ಇಲ್ಲ’ ಅಂತ ಹೊಡೆದವಳು ನಾನು ಕಣ್ರೀ. ಎರಡು ಪದ. ಹತ್ತು ವರ್ಷ.”

ಅವನು ಮಸೂರ ತೆಗೆದ. ಬರಿಗಣ್ಣು ಸಣ್ಣದಾಗಿ ಕಂಡಿತು. “ಭಯ ಆಗ್ತಿದೆಯಾ?”

“ಆಗ್ತಿದೆ.”

“ಹಾಗಾದ್ರೆ ನಾಳೆ ಬೆಳಿಗ್ಗೆನೇ ಮುಗಿಸಿಬಿಡು. ಭಯ ಆರಿದ ಮೇಲೆ ಬುದ್ಧಿ ಬಂದ್ಬಿಡುತ್ತೆ, ಆಮೇಲೆ ಏನೂ ಆಗಲ್ಲ.” ಮತ್ತೆ ಮಸೂರ ಸಿಕ್ಕಿಸಿಕೊಂಡ. “ಗಡಿಯಾರ ಎಲ್ಲರೆದುರೇ ಕಟ್ಟಬೇಕು ಅಂತೇನಿಲ್ಲ. ಮನೇಲೂ ಕೈ ಇರುತ್ತಲ್ಲ.”

ಮರುದಿನ ಅವಳು ಎಲ್ಲರಿಗಿಂತ ಮೊದಲು ಕಚೇರಿಗೆ ಬಂದಳು. ಕಿಟಕಿ ತೆರೆದಳು. ಯಂತ್ರದ ಮೇಲಿನ ಧೂಳು ಒರೆಸಿ, ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟಳು. ಮಸಿಯ ಮುಖ ಕೆಳಗಿದೆಯೇ ಎಂದು ಎರಡೆರಡು ಸಲ ನೋಡಿದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಯಾರೂ ಹೇಳದ ಮಾತನ್ನು ಹೊಡೆಯಬೇಕಾಗಿತ್ತು. ಕಿವಿಯಿಂದ ಏನೂ ಬರುತ್ತಿರಲಿಲ್ಲ. ತಲೆ ಬಂದು ನಡುವೆ ಕೂತಿತು. ಮಾಸ್ತರೇ, ಇದೊಂದು ಸಲ, ಎಂದುಕೊಂಡಳು.

‘ಕೆಳಗೆ ಸಹಿ ಮಾಡಿರುವ ನಾನು ಈ ನ್ಯಾಯಾಲಯದ ಬೆರಳಚ್ಚುಗಾರ್ತಿ. ಆ ದಿನ ಸಾಕ್ಷಿಯು ಒಂದೇ ಸಲ ಹೇಳಿಕೆ ನೀಡಿದನು. ಆರೋಪಿ ಹಮಾಲಿಯಾಗಲಿ ಅವನ ವಕೀಲರಾಗಲಿ ಹಾಜರಿರಲಿಲ್ಲ. ಎರಡನೇ ಪ್ರಕರಣದ ಒಂದು ಮತ್ತು ಎರಡನೇ ಪುಟಗಳು ಕಾರ್ಬನ್ ಪ್ರತಿಗಳು. ಮೂರನೇ ಪುಟವನ್ನು ನಾನು ಸಾಕ್ಷಿಯ ಬಾಯಿಂದ ಕೇಳಿ ಹೊಡೆದದ್ದಲ್ಲ, ಮೊದಲನೇ ಪ್ರಕರಣದ ಪುಟ ನೋಡಿ ಹೊಡೆದದ್ದು. ಮೊದಲನೇ ಪ್ರಕರಣದ ಮೂರನೇ ಪುಟದ ಬೆನ್ನನ್ನು ಕನ್ನಡಿಯಲ್ಲಿ ನೋಡಿದರೆ ಇದು ತಿಳಿಯುತ್ತದೆ. ನಾನು ಮಾಡಿದ್ದು ತಪ್ಪು. ನನಗೆ ಹೇಳಿದವರು ಯಾರೆಂಬುದನ್ನು ಕೇಳಿದರೆ ಹೇಳುತ್ತೇನೆ.’

ಕೊನೆಯ ಸಾಲಿಗೆ ಗಂಟೆ ಬಡಿಯಿತು. ‘ಹೇಳುತ್ತೇನೆ’ ಎಂಬುದು ಏಳರಲ್ಲಿ ಹಿಡಿಸಿತು.

ಮಾಸಿದ ಎರಡು ಹಾಳೆಗಳನ್ನು ಅದಕ್ಕೆ ಪಿನ್ನು ಚುಚ್ಚಿ, ಮೇಲಿನ ಕೋರ್ಟಿಗೆ ಕಳಿಸಬೇಕೆಂದು ಬರೆದು ಟಪಾಲು ಸ್ವೀಕರಿಸುವ ಕಿಟಕಿಗೆ ಕೊಟ್ಟು, ತನ್ನ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡಳು. ಮೊಹರು ಬಿದ್ದ ಕಾಗದವನ್ನು ನುಂಗಲು ಶಿರಸ್ತೇದಾರನ ಗಂಟಲಿಗೂ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದೂ ಮೂವತ್ತೊಂದು ವರ್ಷದ ಕಲಿಕೆಯೇ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ನೋಟೀಸು ಬಂತು. ಉತ್ತರಿಸಿದಳು. ಅವಳ ಮೇಜನ್ನು ಹಳೇ ಕಡತಗಳ ಕೋಣೆಗೆ ಸಾಗಿಸಿದರು. ಅಲ್ಲಿ ಕಿಟಕಿ ಇರಲಿಲ್ಲ, ಇಲಿಗಳಿದ್ದವು. “ಇವೂ ಕಾಗದ ತಿನ್ನೋವೇ. ಆದ್ರೆ ಹಸಿವಾದಾಗ ಮಾತ್ರ ತಿಂತವೆ,” ಎಂದು ದಫೇದಾರನಿಗೆ ಹೇಳಿ ನಗಿಸಿದಳು. ನಿವೃತ್ತಿಯ ದಿನ ಹಾರವಿರಲಿಲ್ಲ, ಭಾಷಣವಿರಲಿಲ್ಲ. ದಫೇದಾರನೊಬ್ಬನೇ ಗೇಟಿನವರೆಗೆ ಬಂದು, ಬೆಳಿಗ್ಗೆಯಿಂದ ಕೂಗಿ ಕೂಗಿ ಒಡೆದ ಗಂಟಲಲ್ಲಿ, “ಹೋಗ್ಬನ್ನಿ ತಾಯಿ,” ಎಂದ. ಗಂಡ ಗೇಟಿನ ಹೊರಗೆ, ರಸ್ತೆಯ ಮೇಲೆ, ಬಸ್ಸುಗಳ ಎದುರಿಗೇ ಗಡಿಯಾರ ಕಟ್ಟಿದ. ಅದು ನಾಲ್ಕು ನಿಮಿಷ ಮುಂದಿತ್ತು. “ಬೇಕೆಂದೇ ಇಟ್ಟಿದ್ದು,” ಎಂದ.

ಐದು ತಿಂಗಳ ಮೇಲೆ ಮೇಲಿನ ಕೋರ್ಟಿನ ಆದೇಶ ಬಂತು. ಕುಳ್ಳ ವಕೀಲರು ಗೂಡಂಗಡಿಗೇ ಬಂದು ಹೇಳಿದರು. ಹಮಾಲಿಯ ಶಿಕ್ಷೆ ರದ್ದು. ಬಿಡುಗಡೆಯಲ್ಲ. ಅವನ ವಿಚಾರಣೆ ಬೇರೆ ನ್ಯಾಯಾಧೀಶರೆದುರು ಹೊಸದಾಗಿ ನಡೆಯಬೇಕು. ಇನ್ನೂ ತೀರ್ಪಾಗದ ಡ್ರೈವರುಗಳ ಕೇಸೂ ಅವರ ಬಳಿಗೇ ಹೋಗಬೇಕು, ಒಂದರ ಬೆನ್ನಿಗೆ ಒಂದು, ಒಂದರ ಸಾಕ್ಷ್ಯ ಇನ್ನೊಂದಕ್ಕೆ ಸೋಂಕದಂತೆ.

“ಕನ್ನಡಿ ಇಟ್ಟು ನೋಡಿದರಂತಮ್ಮ,” ಎಂದರು ವಕೀಲರು. “ಆದೇಶದಲ್ಲಿ ಬರೆದೇ ಇದಾರೆ.”

ಮರುವಿಚಾರಣೆಯ ದಿನ ಬೆರಳಚ್ಚಮ್ಮ ಬೇರೆಯವರ ಹಾಗೆ ಮುಂಬಾಗಿಲಿಂದ ಕೋರ್ಟಿಗೆ ಬಂದಳು. ಮೂವತ್ತೊಂದು ವರ್ಷ ಅವಳು ಒಳಗೆ ಹೋಗಿದ್ದು ಹಿಂಬಾಗಿಲಿಂದ. ಮೊಗಸಾಲೆಯ ಬೆಂಚಿನ ಮೇಲೆ ಹಮಾಲಿಯ ಅಕ್ಕ ಒಂದು ತುದಿಗೆ ಕೂತಿದ್ದಳು. ಇನ್ನೊಂದು ತುದಿಗೆ ಸತ್ತ ಡ್ರೈವರಿನ ಹೆಂಡತಿ. ನಡುವೆ ನಾಲ್ಕು ಜನ ಕೂರುವ ಜಾಗವನ್ನು ಯಾರೂ ತುಂಬಿರಲಿಲ್ಲ. ಜೈಲಿನ ವ್ಯಾನು ಅವತ್ತು ಹೊತ್ತಿಗೆ ಮುಂಚೆಯೇ ಬಂದಿತ್ತು.

ಶಿರಸ್ತೇದಾರ ಅವಳನ್ನು ಕಂಬದ ಬಳಿ ತಡೆದ.

“ಬಂದ್ರಾ? ಜಾತ್ರೆ ನೋಡೋಕೆ?”

“ಬಂದೆ.”

“ಏನು ಸಿಕ್ತು ಹೇಳಿ ನಿಮಗೆ? ಹಾರ ಹೋಯ್ತು, ಹೆಸರು ಹೋಯ್ತು. ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ್ರಿ.”

“ಗಾಳಿ ಅಲ್ಲಾಡಿತಲ್ಲ.”

ಅವನ ಮುಖ ಕೆಂಪಾಯಿತು. ಬೆಂಚಿನ ಆ ತುದಿಗೆ ಗಲ್ಲ ಎತ್ತಿ ತೋರಿಸಿದ. “ಅಲ್ಲಿ ನೋಡಿ. ಆ ಹೆಂಗಸು ಗಂಡ ಸತ್ತಿದ್ದನ್ನ ಮತ್ತೆ ಮೊದಲಿಂದ ಹೇಳಬೇಕು. ಒಂದು ಸಲ ಅತ್ತು ಮುಗಿಸಿದ್ಲು. ಈಗ ಮತ್ತೆ ಅಳಬೇಕು. ಅದು ನಿಮ್ಮ ಪುಣ್ಯ.”

ಈ ಏಟು ಸರಿಯಾಗಿ ಬಿತ್ತು. ಬೆರಳಚ್ಚಮ್ಮ ಆ ಹೆಂಗಸನ್ನು ನೋಡಿದಳು. ಅವಳ ಮಡಿಲಲ್ಲಿ ಎರಡು ಕೈಗಳೂ ಒಂದನ್ನೊಂದು ಗಟ್ಟಿಯಾಗಿ ಹಿಡಿದಿದ್ದವು.

“ಹೌದು, ಅದು ನನ್ನಿಂದಲೇ,” ಎಂದಳು ಬೆರಳಚ್ಚಮ್ಮ. “ಅವತ್ತೇ ಕಾರ್ಬನ್ ಹಾಕಲ್ಲ ಅಂದಿದ್ರೆ ಅವಳು ಒಂದೇ ಸಲ ಅಳ್ತಿದ್ಲು. ಅದಕ್ಕೆ ಅವಳ ಕಾಲಿಗೆ ಬೇಕಾದ್ರೂ ಬೀಳ್ತೀನಿ. ನಿಮ್ಮ ಕಾಲಿಗೆ ಮಾತ್ರ ಬೀಳಲ್ಲ.”

“ಇಷ್ಟೆಲ್ಲ ಮಾಡಿ ಅವನಿಗೇ ಮತ್ತೆ ಶಿಕ್ಷೆ ಆಯ್ತು ಅಂತಿಟ್ಕೊಳ್ಳಿ. ಅದೇ ಹತ್ತು ವರ್ಷ. ಆಗ? ಆಗ ಯಾವ ಮುಖ ಹೊತ್ಕೊಂಡು ಅವನ ಅಕ್ಕನ ಎದುರು...”

ಕೋರ್ಟಿನ ಬಾಗಿಲಲ್ಲಿ ದಫೇದಾರ ಎದೆ ತುಂಬ ಉಸಿರೆಳೆದು ತೂಕದ ಗುಮಾಸ್ತನ ಹೆಸರನ್ನು ಮೂರು ಸಲ ಕೂಗಿದ. ಆ ಕೂಗು ಮೊಗಸಾಲೆಯ ಉದ್ದಕ್ಕೂ ಹೋಗಿ ಗೋಡೆಗೆ ಬಡಿದು ವಾಪಸು ಬಂತು. ಗುಂಪಿನಿಂದ ನರೆತ ಕೂದಲಿನ ಒಬ್ಬ ಮನುಷ್ಯ ಎದ್ದು, ಅಂಗಿ ಸರಿಮಾಡಿಕೊಂಡು ಒಳಗೆ ನಡೆದ. ತೆರೆದ ಬಾಗಿಲಿನಿಂದ ಗೋಡೆಯ ಪಕ್ಕದ ಬೆಂಚು ಕಾಣುತ್ತಿತ್ತು. ಅದರ ಮೇಲೆ ಹಮಾಲಿ ಇಬ್ಬರು ಪೊಲೀಸರ ನಡುವೆ ಕೂತಿದ್ದ. ಕುಳ್ಳ ವಕೀಲರು ಎದ್ದು ನಿಂತು ಕೋಟಿನ ತೋಳು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು.

“...ನಾನು ಕೇಳ್ತಿರೋದು ಅದನ್ನೇ ಅಕ್ಕಾವ್ರೇ,” ಶಿರಸ್ತೇದಾರ ಇನ್ನೂ ಹೇಳುತ್ತಿದ್ದ, “ನಾಳೆ ಇವನೇ ಹೊಡೆದದ್ದು ಅಂತ ಆದ್ರೆ ನೀವು ಏನು ಉತ್ತರ...”

ಬೆರಳಚ್ಚಮ್ಮ ಕೈಚೀಲವನ್ನು ಹೆಗಲಿಗೇರಿಸಿ ಬಾಗಿಲ ಕಡೆ ನಡೆದಳು.